ತುಟಿಯಲ್ಲಿ ಮಾತಾಡುವ ನಳಿಗೆ ಮೇಸ್ತ್ರಿ

ಸೆಲ್ವಿನ್ ಟ್ಯಾಟರ್ಸಾಲ್ ಬಗ್ಗೆ ಹೇಳಲೇಬೇಕು. ಅವನು ಬಂದೂಕಿನ ಸವೆದ ನಳಿಗೆಯನ್ನು ಸರಿಮಾಡಿದ ಅಂತಲ್ಲ. ಆ ಕೆಲಸ ಬಲ್ಲವರು ಇನ್ನೂ ಅಲ್ಲಲ್ಲಿ ಇದ್ದಾರೆ. ಸರಿಮಾಡಿದ ಮೇಲೆ, ಅದು ಯಾಕೆ ಸವೆಯಿತು ಅನ್ನುವುದನ್ನು ಅವನು ಒಬ್ಬ ಹೆಂಗಸಿಗೆ ಹೇಳಿದ. ಹೇಳದೆ ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅದಕ್ಕೇ ಅವನ ಬಗ್ಗೆ ಈ ನಾಲ್ಕು ಮಾತು.

ಲ್ಯಾಂಕಷೈರಿನ ಥಾರ್ನ್‌ಕ್ಲಫ್‌ನಲ್ಲಿ, ಚರ್ಚಿನ ಹಿಂದಿನ ಏರಿನ ಮೇಲೆ ಅವನ ಮನೆ. ಮನೆಗೆ ಅಂಟಿದಂತೆ ಒಂದು ಶೆಡ್ಡು, ಶೆಡ್ಡಿನಲ್ಲಿ ಒಂದು ಹಳೇ ಲೇತು. ಎಪ್ಪತ್ತು ದಾಟಿದ ಒಂಟಿ ಆಳು. ಶಾಲೆ ಬಿಟ್ಟ ವಾರವೇ ಬಟ್ಟೆ ಮಿಲ್ಲು ಸೇರಿದವನು, ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯಾದ. ಮಗ್ಗಗಳ ಸದ್ದಿಗೆ ಅವನ ಕಿವಿ ಹೋಯಿತು. ಅಲ್ಲಿ ಎಲ್ಲರ ಕಿವಿಯೂ ಹಾಗೇ ಹೋಗುತ್ತಿತ್ತು, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ಹಾಗಾಗಿ ಮಿಲ್ಲಿನವರು ತುಟಿಯಲ್ಲೇ ಮಾತಾಡುತ್ತಿದ್ದರು. ಗಂಟಲಿನಿಂದ ಸದ್ದು ಹೊರಡುತ್ತಿರಲಿಲ್ಲ, ಬಾಯಿ ಮಾತ್ರ ದೊಡ್ಡದಾಗಿ ತೆರೆದು ಒಂದೊಂದು ಮಾತನ್ನೂ ಮುಖದ ಮೇಲೆ ಮಾಡಿ ತೋರಿಸುತ್ತಿದ್ದರು. ಯಾರ ಮನೆಯಲ್ಲಿ ಯಾರು ಬಸುರಿ ಅನ್ನುವುದು ಈ ತುದಿಯ ಮಗ್ಗದಿಂದ ಆ ತುದಿಗೆ ಲಾಳಿಗಿಂತ ಬೇಗ ತಲುಪುತ್ತಿತ್ತು.

ಮಿಲ್ಲು ಮುಚ್ಚಿತು. ತುಟಿಮಾತು ಬಲ್ಲವರು ಒಬ್ಬೊಬ್ಬರಾಗಿ ಹೋದರು. ಸೆಲ್ವಿನ್ ಲೇತು ಹಿಡಿದ, ಬಂದೂಕು ರಿಪೇರಿಗೆ ಪರವಾನಗಿ ಪಡೆದ. ಸುತ್ತಲಿನ ಕಣಿವೆಗಳಲ್ಲಿ ಗುರಿ ಹೊಡೆಯುವ ಕ್ಲಬ್ಬುಗಳಿಗೆ ಅವನೇ ವೈದ್ಯ.

ಥಾರ್ನ್‌ಕ್ಲಫ್ ಕ್ಲಬ್ಬು ಅದೇ ಹಳೇ ಮಿಲ್ಲಿನ ನೆಲಮಾಳಿಗೆಯಲ್ಲಿದೆ. ಮಂಗಳವಾರ ಸಂಜೆ ಎಲ್ಲರೂ ಸೇರುತ್ತಾರೆ, ಚಾಪೆಯ ಮೇಲೆ ಬೋರಲು ಮಲಗಿ ಪಾಯಿಂಟ್ ಟೂ ಟೂ ಅನ್ನುವ ಸಣ್ಣ ಗುಂಡಿನ ರೈಫಲ್ಲಿನಲ್ಲಿ ಕಾರ್ಡಿಗೆ ಹೊಡೆಯುತ್ತಾರೆ. ಒಂದು ಕಾರ್ಡಿನಲ್ಲಿ ಹತ್ತು ಕಪ್ಪು ಬೊಟ್ಟು, ಬೊಟ್ಟಿಗೊಂದು ಗುಂಡು, ನಡುವಿಗೆ ಬಿದ್ದರೆ ಹತ್ತು ಅಂಕ. ಹೊಡೆದ ಕಾರ್ಡನ್ನು ಅಂಕ ಎಣಿಸುವವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಎದುರಾಳಿ ಊರಿನವರೂ ಅವರ ಕಾರ್ಡು ಕಳಿಸುತ್ತಾರೆ. ಜೀವಮಾನವಿಡೀ ಪೈಪೋಟಿ ಮಾಡಿದವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ.

ಮೇವಿಸ್ ಪಿಲ್ಲಿಂಗ್ ಆ ಕ್ಲಬ್ಬಿನ ಹಳೇ ಕೈ. ಸೆಲ್ವಿನ್ ಮೇಸ್ತ್ರಿಯಾಗಿದ್ದ ಮಿಲ್ಲಿನಲ್ಲೇ ಅವಳು ಮಗ್ಗ ನಡೆಸಿದವಳು. ಅವಳ ಗಂಡ ಡೆರಿಕ್ ಕೂಡ ಕ್ಲಬ್ಬಿನವನೇ. ಗಂಡ ಹೆಂಡತಿಗೆ ಒಂದೇ ರೈಫಲ್. ಅವನ ಕಾರ್ಡು ಮುಗಿದ ಮೇಲೆ ಅವಳ ಕಾರ್ಡು. ಡೆರಿಕ್ ತೀರಿಕೊಂಡು ಕೆಲವು ವರ್ಷವಾಯಿತು. ಅವಳು ಮಾತ್ರ ಮಂಗಳವಾರ ತಪ್ಪಿಸಲಿಲ್ಲ.

ಆದರೆ ಅವಳ ಅಂಕ ಇಳಿಯತೊಡಗಿತು. ಮೊದಲು ಒಂದೆರಡು, ಆಮೇಲೆ ಜಾಸ್ತಿ. ಗುಂಡು ಒಂದು ಆಚೆ, ಒಂದು ಈಚೆ. ಕನ್ನಡಕ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಕ್ಲಬ್ಬಿನ ನಾಯಕ ಕ್ಲೈವ್ ರಾಥ್‌ವೆಲ್ ಒಳ್ಳೆಯವನು, ವಯಸ್ಸಿನಲ್ಲಿ ಚಿಕ್ಕವನು, ಪೊದೆಯಂಥ ಮೀಸೆ. ಒಂದು ಮಂಗಳವಾರ ಅವಳಿಗೆ ಚಹಾ ಕೊಟ್ಟು ಪಕ್ಕದಲ್ಲಿ ಕೂತ.

“ಮೇವಿಸ್, ಈ ಚಳಿಗಾಲ ಸ್ವಲ್ಪ ಸುಧಾರಿಸ್ಕೊಳ್ಳಿ. ತಂಡಕ್ಕೆ ಬೇರೆ ಯಾರನ್ನಾದ್ರೂ ಹಾಕ್ತೀನಿ. ನೀವು ಸುಮ್ನೆ ಖುಷಿಗೆ ಹೊಡೀರಿ.”

“ಖುಷಿಗೆ ಅಂದ್ರೆ ಕುರುಡಿ ಅಂತ ತಾನೇ, ಮಗಾ?”

“ಅಯ್ಯೋ, ನಾನೆಲ್ಲಿ ಹಾಗಂದೆ!”

“ಅನ್ನಲಿಲ್ಲ. ಬಿಸ್ಕತ್ತು ಎರಡು ಇಟ್ಯಲ್ಲ, ಅಲ್ಲೇ ಗೊತ್ತಾಯ್ತು.”

ಮಾರನೇ ದಿನ ಅವಳು ರೈಫಲ್ಲನ್ನು ಚೀಲದಲ್ಲಿಟ್ಟುಕೊಂಡು ಏರು ಹತ್ತಿ ಸೆಲ್ವಿನ್ ಶೆಡ್ಡಿಗೆ ಬಂದಳು. ಅವನು ಬೆನ್ನು ಹಾಕಿ ನಿಂತಿದ್ದ. ಅವಳು ಕರೆಯಲಿಲ್ಲ, ದೀಪವನ್ನು ಒಮ್ಮೆ ಆರಿಸಿ ಹಾಕಿದಳು. ಅವನು ತಿರುಗಿದ.

“ಇದನ್ನ ಯಾರಿಗಾದ್ರೂ ಕೊಟ್ಬಿಡು ಸೆಲ್ವಿನ್. ಒಳ್ಳೇ ಕೈ ಇರೋರಿಗೆ. ನನ್ನ ಕಣ್ಣು ಹೋಯ್ತು.”

“ಹೋಗಿದ್ರೆ ನನ್ನ ಅಂಗಿ ಮೇಲಿನ ಸಾರಿನ ಕಲೆ ಹ್ಯಾಗೆ ಕಾಣ್ತಾ ಇದೆ?”

“ಅದು ಕುರುಡರಿಗೂ ಕಾಣುತ್ತೆ ಕಣೋ. ಒಗೆಯೋದು ಕಲಿ.”

ಅವಳು ನಗಲು ಹೋದಳು, ಆಗಲಿಲ್ಲ. ಚೀಲದ ಮೇಲಿಂದ ಕೈ ತೆಗೆಯಲಿಲ್ಲ. ಸೆಲ್ವಿನ್ ಆ ಕೈಯನ್ನು ನೋಡಿದ. “ಬಿಟ್ಟು ಹೋಗು. ನೋಡ್ತೀನಿ” ಅಂದ.

ಅವಳು ಹೋದ ಮೇಲೆ ಅವನು ರೈಫಲ್ಲಿನಿಂದ ನಳಿಗೆಯನ್ನು ಬಿಚ್ಚಿ, ಮೆತ್ತನೆಯ ಸೀಸದ ಒಂದು ತುಣುಕಿಗೆ ಎಣ್ಣೆ ಹಚ್ಚಿ ಅದರೊಳಗೆ ಹಿಂದಿನಿಂದ ತಳ್ಳಿದ. ನಳಿಗೆಯ ಒಳಮೈಯಲ್ಲಿ ಸುರುಳಿ ಸುರುಳಿಯಾಗಿ ಗೀರುಗಳಿರುತ್ತವೆ. ಅವೇ ಗುಂಡನ್ನು ಹಿಡಿದು ತಿರುಗಿಸಿ ನೆಟ್ಟಗೆ ಕಳಿಸುವುದು. ಸೀಸ ಬಿಗಿಯಾಗಿ ಹೋಯಿತು. ಅರ್ಧ ದಾಟಿದ ಮೇಲೆ ಸಡಿಲವಾಯಿತು. ಬಾಯಿಯ ಹತ್ತಿರ ಬಂದಾಗ ಹಿಡಿತವೇ ಇಲ್ಲ, ಹಲ್ಲು ಹೋದ ವಸಡಿನಂತೆ. ಅವನು ನಳಿಗೆಯ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತೂತು ದುಂಡಗಿರಲಿಲ್ಲ. ಕೆಳಗಡೆ ಒಂದೇ ಬದಿಗೆ ಸವೆದು ಮೊಟ್ಟೆಯಾಕಾರವಾಗಿತ್ತು.

ಸೆಲ್ವಿನ್ ಸ್ಟೂಲಿನ ಮೇಲೆ ಕೂತ. ಅವನಿಗೆ ಆಗಲೇ ತಿಳಿಯಿತು. ಪಾಯಿಂಟ್ ಟೂ ಟೂ ಗುಂಡು ಬರೀ ಸೀಸ, ಮೇಲೆ ಮೇಣ. ಅದು ಉಕ್ಕನ್ನು ಹೀಗೆ ತಿನ್ನುವುದಿಲ್ಲ. ಆ ಹಳೇ ರೈಫಲ್ಲಿನಲ್ಲಿ ಒರೆಸುವ ಸರಳನ್ನು ಹಿಂದಿನಿಂದ ತೂರಿಸಲು ದಾರಿಯಿಲ್ಲ, ಬಾಯಿಯಿಂದಲೇ ತೂರಿಸಬೇಕು. ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಉಜ್ಜಿದರೆ ಉಕ್ಕಿನ ಸರಳು ಪ್ರತಿ ಸಲ ಒಂದೇ ಬದಿಗೆ ತಾಗುತ್ತದೆ. ಯಾರೋ ಬಹಳ ಶ್ರದ್ಧೆಯಿಂದ, ಬಹಳ ಪ್ರೀತಿಯಿಂದ, ಬಹಳ ಕಾಲ ಉಜ್ಜಿದ್ದರು.

ಸಂಜೆ ಅವನೇ ಇಳಿದು ಅವಳ ಮನೆ ಬಾಗಿಲಿಗೆ ಹೋದ.

“ನಿನ್ನ ಕಣ್ಣು ಸರಿಯಾಗಿದೆ ಕಣೇ. ನಳಿಗೆ ಹೋಗಿದೆ.”

ಮೇವಿಸ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. “ಇನ್ನೊಂದು ಸಲ ಹೇಳು.”

“ಕಣ್ಣಲ್ಲ. ನಳಿಗೆ.”

“ಥೂ, ನಿನ್ನ! ಎರಡು ಕನ್ನಡಕ ತಗೊಂಡೆನಲ್ಲೋ!” ಅಂದವಳು ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. “ಯಾಕೆ ಹೋಯ್ತು?”

ಸೆಲ್ವಿನ್ ನೆಲ ನೋಡಿದ. “ಹಳೇದಲ್ವಾ” ಅಂದ.

ವಿಷಯ ಕೇಳಿ ಕ್ಲೈವ್ ಹೊಸ ನಳಿಗೆ ಹಾಕಿಸೋಣ ಅಂದ. ಸೆಲ್ವಿನ್ ಅವನ ಮೀಸೆಯನ್ನು ಬೆರಳಲ್ಲಿ ತೋರಿಸಿ ಕೇಳಲಿಲ್ಲ ಅಂತ ತಲೆ ಆಡಿಸಿದ. ಆ ಮೀಸೆಯ ಹಿಂದಿನ ತುಟಿ ಅವನಿಗೆ ಕಾಣುವುದೇ ಇಲ್ಲ. ಒಪ್ಪಿಗೆಯಾಗದ ಮಾತಂತೂ ಇನ್ನೂ ಕಾಣುವುದಿಲ್ಲ. ಮೇವಿಸ್ ಹೇಳಿದಳು, “ಹೊಸದು ಬೇಡ. ಆ ಉಕ್ಕನ್ನ ಡೆರಿಕ್ ಮುಟ್ಟಿದಾನೆ. ಆಗಲ್ಲ ಅಂದ್ರೆ ಹಾಗೇ ಗೋಡೆಗೆ ನೇತು ಹಾಕ್ತೀನಿ.”

ಬಾಯಿ ಸವೆದ ನಳಿಗೆಯನ್ನು ಕೆಲವು ಸಲ ತುದಿ ಕತ್ತರಿಸಿ ಸರಿಮಾಡಬಹುದು. ಇದು ಬಹಳ ಒಳಗಿನವರೆಗೂ ಸವೆದಿತ್ತು. ಉಳಿದದ್ದು ಒಂದೇ ದಾರಿ. ಹಳೇ ನಳಿಗೆಯ ಒಳಗನ್ನು ಉದ್ದಕ್ಕೂ ಕೊರೆದು ಅಗಲ ಮಾಡಬೇಕು. ಗೀರು ಇರುವ ಹೊಸ ತೆಳು ಕೊಳವೆಯನ್ನು ಅದರೊಳಗೆ ಕೂರಿಸಬೇಕು. ಹೊರಗಿನದು ಹಳೆಯದೇ, ಒಳಗಿನದು ಹೊಸದು. ಕೊರೆಯುವಾಗ ಬೈರಿಗೆ ಕೂದಲೆಳೆಯಷ್ಟು ಓರೆಯಾದರೂ ಡೆರಿಕ್ ಮುಟ್ಟಿದ ಉಕ್ಕು ಗುಜರಿಗೆ.

ಅವನು ಅವಸರ ಮಾಡಲಿಲ್ಲ. ಸ್ವಲ್ಪ ಕೊರೆಯುವುದು, ಹೊರಗೆ ಎಳೆಯುವುದು, ಚೂರು ಒರೆಸುವುದು, ಎಣ್ಣೆ ಬಿಡುವುದು, ಮತ್ತೆ ಒಳಗೆ. ಬೇರೆಯವರು ಲೇತಿನ ಸದ್ದು ಕೇಳಿ ಕೆಲಸ ಮಾಡುತ್ತಾರೆ. ಅವನಿಗೆ ಸದ್ದಿಲ್ಲ. ಒಂದು ಅಂಗೈಯನ್ನು ಲೇತಿನ ಮೈಮೇಲೆ ಇಟ್ಟಿರುತ್ತಾನೆ. ಮಗ್ಗ ಕೆಡುವ ಮುಂಚೆ ಹೀಗೇ ಅಂಗೈಗೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಅಂಗೈಯಲ್ಲಿ ಒಂದು ಸಣ್ಣ ನಡುಕ ಬಂತು. ತಕ್ಷಣ ನಿಲ್ಲಿಸಿದ. ಬೈರಿಗೆಯ ಅಂಚಿಗೆ ಒಂದು ಚೂರು ಸಿಕ್ಕಿಕೊಂಡಿತ್ತು. ಅವನು ಆ ದಿನ ಮತ್ತೆ ಲೇತು ಮುಟ್ಟಲಿಲ್ಲ. ತೋಟಕ್ಕೆ ಹೋಗಿ ಆಲೂಗಡ್ಡೆ ಪಾತಿ ಅಗೆದ.

ಕೊಳವೆ ಕೂತಿತು. ರೈಫಲ್ ಬರ್ಮಿಂಗ್‌ಹ್ಯಾಮಿನ ಬಂದೂಕು ಪರೀಕ್ಷೆಯ ಕಚೇರಿಗೆ ಹೋಗಿ, ಅಲ್ಲಿ ಹೆಚ್ಚು ಬಲದ ತೋಟಾ ಹೊಡೆಸಿಕೊಂಡು, ಅದನ್ನು ತಾಳಿಕೊಂಡು, ಹೊಸ ಮುದ್ರೆ ಒತ್ತಿಸಿಕೊಂಡು ಬಂತು.

ಆ ಮಂಗಳವಾರ ಮೇವಿಸ್ ಚಾಪೆಯ ಮೇಲೆ ಮಲಗಿದಾಗ ಕ್ಲಬ್ಬಿನಲ್ಲಿ ಯಾರೂ ಅವಳನ್ನು ನೋಡುತ್ತಿಲ್ಲದವರಂತೆ ನಟಿಸಿದರು. ಅವಳು ಹೊಡೆದು ಮುಗಿಸಿದಳು. ಕ್ಲೈವ್ ಕಾರ್ಡು ತಂದು ದೀಪದ ಕೆಳಗೆ ಹಿಡಿದ. ಒಂದೊಂದು ತೂತೂ ಅದರದರ ಬೊಟ್ಟಿನ ನಡುವಿಗೇ ಬಿದ್ದಿತ್ತು. ಎರಡು ಮಾತ್ರ ಗೆರೆಯಾಚೆ ಜಾರಿದ್ದವು.

“ತೊಂಬತ್ತೆಂಟು” ಅಂದ ಕ್ಲೈವ್.

“ಆ ಎರಡು ನನ್ನವು. ಉಳಿದದ್ದು ಸೆಲ್ವಿನ್‌ದು” ಅಂದಳು ಮೇವಿಸ್. ಆಮೇಲೆ ಕ್ಲೈವ್ ಕಡೆ ತಿರುಗಿ, “ಈಗ ಬಿಸ್ಕತ್ತು ಒಂದೇ ಸಾಕು, ಮಗಾ.”

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ.

ಮುಂದಿನ ಭಾನುವಾರ ಸೆಲ್ವಿನ್ ತನ್ನ ತೋಟದ ರೂಬಾರ್ಬ್ ದಂಟಿನ ಕಟ್ಟು ಹಿಡಿದು ಅವಳ ಮನೆಗೆ ಹೋದ. ಬಾಗಿಲು ತೆರೆದೇ ಇತ್ತು. ಒಳಗೆ ಬಂದೂಕಿನ ಎಣ್ಣೆಯ ವಾಸನೆ ತುಂಬಿತ್ತು. ಮೇವಿಸ್ ಡೆರಿಕ್‌ನ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಹಳೇ ಪೇಪರು, ಪೇಪರಿನ ಮೇಲೆ ರೈಫಲ್, ಕೈಯಲ್ಲಿ ಡೆರಿಕ್‌ನ ಉಕ್ಕಿನ ಸರಳು. ನಳಿಗೆಯ ಬಾಯಿಯಿಂದ ಒಳಗೆ, ಹೊರಗೆ. ಒಳಗೆ, ಹೊರಗೆ. ಹೊಸ ಕೊಳವೆಯಲ್ಲಿ.

ಅವಳು ತಲೆಯೆತ್ತಿ ನಕ್ಕಳು. “ಬಾ ಬಾ. ಕೆಟಲ್ ಇಡ್ತೀನಿ. ಇದೊಂದು ಮುಗಿಸ್ಬಿಡ್ತೀನಿ.”

ಸೆಲ್ವಿನ್ ನಿಂತೇ ಇದ್ದ.

“ಭಾನುವಾರ ಅವನು ಇಲ್ಲೇ ಕೂತು ಉಜ್ಜೋನು. ನಾನು ಅಡುಗೆ ಮನೇಲಿ ಪೈ ಬೇಯಿಸ್ತಿದ್ದೆ. ಈ ಎಣ್ಣೆ ವಾಸನೆ ಬಂತು ಅಂದ್ರೆ ಅವನು ಇದಾನೆ ಅಂತ. ಈಗ ನಾನು ದಿನಾ ಮಾಡ್ತೀನಿ. ನಗಬೇಡ. ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ನಿದ್ದೆ ಬರುತ್ತೆ.”

ಅವನು ನಗಲಿಲ್ಲ. ಚಹಾ ಕುಡಿದ, ರೂಬಾರ್ಬ್ ಮೇಜಿನ ಮೇಲಿಟ್ಟ, ಟೋಪಿ ಅಲ್ಲೇ ಮರೆತು ಎದ್ದು ಬಂದ.

ಎರಡು ದಿನ ಅವನು ಲೇತು ಓಡಿಸಲಿಲ್ಲ. ಹೇಳದಿದ್ದರೆ ಈ ಕೊಳವೆಯೂ ಹೋಗುತ್ತದೆ. ಇದು ಹೋದರೆ ಆ ಉಕ್ಕಿನಲ್ಲಿ ಇನ್ನೊಂದು ಸಲ ಕೊರೆಯುವಷ್ಟು ದಪ್ಪವಿಲ್ಲ. ಹೇಳಿದರೆ, ಗಂಡನ ನೆನಪಿಗೆ ಅಂತ ಅವಳು ದಿನಾ ಮಾಡಿದ್ದೇ ಗಂಡನ ರೈಫಲ್ಲನ್ನು ಹಾಳು ಮಾಡಿತು ಅಂತ ಹೇಳಿದ ಹಾಗೆ. ನಾಜೂಕಾಗಿ ಮಾತಾಡುವುದು ಅವನಿಗೆ ಬರುವುದಿಲ್ಲ. ಕಿವಿ ಹೋದ ಮೇಲೆ ಅವನ ದನಿ ಎಷ್ಟು ಜೋರು ಅನ್ನುವುದೂ ಅವನಿಗೆ ತಿಳಿಯುವುದಿಲ್ಲ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದು ಬೀದಿಗೆಲ್ಲ ಕೇಳಿರುತ್ತದೆ. ಇಂಥ ಮಾತನ್ನು ಹಾಗೆ ಹೇಳಲಾದೀತೇ?

ಮಂಗಳವಾರ ಬಂತು. ಎಲ್ಲರ ಕಿವಿಗೂ ಮುಚ್ಚಿಗೆ. ಪಕ್ಕದ ಚಾಪೆಗಳಲ್ಲಿ ಟಪ್ ಟಪ್ ಅಂತ ಹೊಡೆತ ಸಾಗಿತ್ತು. ಮೇವಿಸ್ ತನ್ನ ಕಾರ್ಡು ಮುಗಿಸಿ ಎದ್ದು ಬೆಂಚಿನ ಮೇಲೆ ಕೂತಳು. ಕೋಣೆಯ ಆಚೆ ಕಡೆ ಗೋಡೆಗೆ ಒರಗಿ ಸೆಲ್ವಿನ್ ನಿಂತಿದ್ದ. ಕೈ ಎತ್ತಿದ. ಅವಳು ನೋಡಿದಳು. ಅವನು ಸದ್ದಿಲ್ಲದೆ, ಮಿಲ್ಲಿನಲ್ಲಿ ಮಾತಾಡುತ್ತಿದ್ದ ಹಾಗೆ, ತುಟಿಯಲ್ಲಿ ಹೇಳಿದ.

“ಮೇವಿಸ್. ಆ ಸರಳು.”

ಅವಳ ಹುಬ್ಬು ಏರಿತು. ಅವಳೂ ತುಟಿಯಲ್ಲೇ ಕೇಳಿದಳು. “ಯಾವ ಸರಳು?”

“ಡೆರಿಕ್‌ದು. ನಳಿಗೆ ತಿಂದಿದ್ದು ಅದೇ. ಗುಂಡಲ್ಲ. ಬಾಯಿಂದ ಹಾಕಿ ಉಜ್ಜೋದು.”

ಅವಳು ಬೆಂಚಿನ ತುದಿಗೆ ಸರಿದು ಅವನ ತುಟಿಯನ್ನೇ ನೋಡಿದಳು.

“ನಾನು ಹಳೇದು ಅಂದೆ. ಸುಳ್ಳು ಹೇಳ್ದೆ. ಕ್ಷಮಿಸು.”

ಟಪ್. ಟಪ್. ಕ್ಲೈವ್ ಅವರಿಬ್ಬರ ನಡುವೆ ಮಲಗಿ ಗುರಿ ಹಿಡಿದಿದ್ದ. ಅವನ ತಲೆಯ ಮೇಲೆ ಏನು ಹಾದುಹೋಗುತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಕೋಣೆ ತುಂಬ ಜನ. ಆ ಮಾತು ಬಲ್ಲವರು ಇಬ್ಬರೇ.

“ನಾನಾ?” ಅಂದಳು ಮೇವಿಸ್.

ಅವನು ತಲೆಯಾಡಿಸಿದ. “ನೀನು. ದಿನಾ ದಿನಾ.”

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಮುಖ ಎತ್ತಿದಳು. “ಡೆರಿಕ್ಕೂ?”

“ಡೆರಿಕ್ಕೂ. ಶುರು ಮಾಡಿದ್ದೇ ಅವನು.”

ಅವಳ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಇಡೀ ಮುಖವೇ ಮಾತಾಡತೊಡಗಿತು. “ಆ ಕತ್ತೆ! ಕೊನೆ ಕೊನೆಗೆ ನಂಗೆ ಒಂದು ಅಂಕ ತಪ್ಪಿದ್ರೂ ಏನಂತಿದ್ದ ಗೊತ್ತಾ? ‘ಉಸಿರು ಹಿಡೀ ಮೇವಿಸ್, ನೀನು ಉಸಿರು ಹಿಡಿಯಲ್ಲ’ ಅಂತ! ಉಸಿರು ಹಿಡಿದೂ ಹಿಡಿದೂ ಸಾಯೋ ಹಾಗಾಗಿದ್ದೆನಲ್ಲೋ! ತಪ್ಪೆಲ್ಲ ಇವನ ಸರಳಿಂದು!”

ಅವಳ ಹೆಗಲು ಕುಲುಕಿತು. ನಗು. ಸೆಲ್ವಿನ್‌ಗೂ ನಗು ಬಂತು. ಹಾಗೇ ನೋಡುತ್ತಿದ್ದಂತೆ ಅದು ನಗುವಾಗಿ ಉಳಿಯಲಿಲ್ಲ. ಕ್ಲೈವ್ ಎದ್ದು ಕಿವಿಮುಚ್ಚಿಗೆ ಸರಿಸಿದ.

“ಮೇವಿಸ್, ಏನಾಯ್ತು?”

“ಏನಿಲ್ಲಪ್ಪ. ಧೂಳು. ಈ ನೆಲಮಾಳಿಗೆ ಯಾರೂ ಗುಡಿಸಲ್ಲ.”

ಕ್ಲೈವ್ ಪಾಪ ಪೊರಕೆ ಹುಡುಕಲು ಹೋದ. ಮೇವಿಸ್ ಮತ್ತೆ ಆಚೆ ಗೋಡೆಯತ್ತ ನೋಡಿ, ತುಟಿಯಲ್ಲಿ ಕೊನೆಯದಾಗಿ ಒಂದು ಕೇಳಿದಳು.

“ಹಾಗಾದ್ರೆ ನಾನು ಸಂಜೆ ಹೊತ್ತು ಏನು ಮಾಡ್ಲಿ, ಸೆಲ್ವಿನ್?”

ಅವನು ಟೋಪಿ ಸರಿಮಾಡಿಕೊಳ್ಳಲು ತಲೆಗೆ ಕೈ ಹಾಕಿದ. ಟೋಪಿ ಇರಲಿಲ್ಲ, ಅದು ಅವಳ ಮನೆಯಲ್ಲೇ ಇತ್ತು. ಬರೀ ತಲೆಯಲ್ಲಿ ಮಳೆಯೊಳಗೆ ಮನೆಗೆ ಹೋದ.

ಭಾನುವಾರ ಅವನು ಅವಳ ಬಾಗಿಲು ತಟ್ಟಿದ. ಕೈಯಲ್ಲಿ ಒಂದು ಮೆತ್ತನೆಯ ಫ್ಲಾನೆಲ್ ಬಟ್ಟೆ, ಒಗೆದು ಮಡಿಸಿದ್ದು. ಮೇವಿಸ್ ಟೋಪಿ ತಂದು ಕೊಟ್ಟಳು. ಮನೆಯಲ್ಲಿ ಎಣ್ಣೆಯ ವಾಸನೆ ಇರಲಿಲ್ಲ. ರೈಫಲ್ ಕಬ್ಬಿಣದ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂತಿತ್ತು. ಮಂಗಳವಾರದಿಂದ ಅವಳು ಅದನ್ನು ಮುಟ್ಟಿರಲಿಲ್ಲ. ನಿದ್ದೆ ಇಲ್ಲದ ಕಣ್ಣು ನೋಡಿದರೇ ತಿಳಿಯುತ್ತಿತ್ತು.

“ತೆಗಿ ಅದನ್ನ” ಅಂದ ಸೆಲ್ವಿನ್. ದನಿ ಜೋರಾಗಿಯೇ ಬಂತು.

ಅವಳು ತೆಗೆದಳು. ಅವನು ಅವಳನ್ನು ಡೆರಿಕ್‌ನ ಕುರ್ಚಿಯಲ್ಲಿ ಕೂರಿಸಿ, ಪೇಪರು ಹಾಸಿ, ರೈಫಲ್ಲನ್ನು ತೊಡೆಯ ಮೇಲಿಟ್ಟ. ಫ್ಲಾನೆಲ್ಲಿಗೆ ಡೆರಿಕ್‌ನ ಡಬ್ಬಿಯಿಂದಲೇ ಎಣ್ಣೆ ಸುರಿದು ಅವಳ ಕೈಗೆ ಕೊಟ್ಟ.

“ಒಳಗಿಂದು ನನ್ನ ಲೆಕ್ಕ. ಅದನ್ನ ಮುಟ್ಟಬೇಡ. ಈ ಗುಂಡಿನ ಮೇಣವೇ ಅದನ್ನ ಕಾಯುತ್ತೆ, ಬೇಕಾದಾಗ ನಾನೇ ಹಿಂದಿನಿಂದ ದಾರ ಹಾಕಿ ಎಳೀತೀನಿ. ಹೊರಗಿಂದು ನಿಂದು. ಹೊರಗಿನ ಉಕ್ಕು ಅವನು ಮುಟ್ಟಿದ್ದೇ. ತುಕ್ಕು ಹಿಡಿಯದ ಹಾಗೆ ನೋಡ್ಕೋ. ದಿನಾ ಒರೆಸು. ಬಟ್ಟೆ ಒರೆಸಿದ್ರೆ ಉಕ್ಕು ಸವೆಯಲ್ಲ.”

“ಎಷ್ಟು ಒರೆಸಿದ್ರೂ?”

“ನೀನು ಸಾಯೋತನಕ ಒರೆಸಿದ್ರೂ. ನಾನು ಸಾಯೋತನಕವೂ ಸೇರಿಸ್ಕೋ.”

ಮೇವಿಸ್ ನಳಿಗೆಯ ಮೇಲೆ ಬಟ್ಟೆ ಆಡಿಸಿದಳು, ಹಿಂದಿನಿಂದ ತುದಿಯವರೆಗೆ. ಎಣ್ಣೆಯ ವಾಸನೆ ಎದ್ದಿತು. ಅವಳು ಕಣ್ಣು ಮುಚ್ಚಿ ಒರೆಸಿದಳು. ಸೆಲ್ವಿನ್ ಅಡುಗೆ ಮನೆಗೆ ಹೋಗಿ ಕೆಟಲ್ ಇಟ್ಟ. ನೀರು ಕುದಿಯುವ ಸದ್ದು ಅವನಿಗೆ ಕೇಳುವುದಿಲ್ಲ. ಹಬೆ ಕಾಣುವವರೆಗೂ ಅಲ್ಲೇ ನಿಂತ. ಬೇಕಂತಲೇ ಇನ್ನೂ ಸ್ವಲ್ಪ ನಿಂತ.

ಹೊರಡುವಾಗ ಅವಳು ಬಾಗಿಲ ಹಿಂದಿನಿಂದ ಆ ಉಕ್ಕಿನ ಸರಳನ್ನು ತಂದು ಅವನ ಕೈಗಿಟ್ಟಳು.

“ಇದನ್ನ ತಗೊಂಡು ಹೋಗು. ಇಲ್ಲಿದ್ರೆ ಕೈ ಸುಮ್ನಿರಲ್ಲ. ನಿನ್ನ ಟೊಮೆಟೊ ಗಿಡಕ್ಕೆ ಕಟ್ಟು.”

“ಡೆರಿಕ್ ಸರಳು ಕಣೇ ಇದು.”

“ಗೊತ್ತು. ಅವನಿಗೆ ಟೊಮೆಟೊ ಕಂಡ್ರೆ ಆಗ್ತಿರ್ಲಿಲ್ಲ. ನನ್ನ ಉಸಿರಿಗೆ ಹೆಸರಿಟ್ಟನಲ್ಲ, ಈಗ ಅನುಭವಿಸಲಿ.”

ಸರಳು ಈಗ ಸೆಲ್ವಿನ್‌ನ ತೋಟದಲ್ಲಿದೆ, ಸ್ವಲ್ಪ ತುಕ್ಕು ಹಿಡಿದು, ಗಾಜಿನ ಮನೆಯೊಳಗೆ ಗಿಡಕ್ಕೆ ಆಸರೆಯಾಗಿ. ಅದರ ಮೊದಲ ಹಣ್ಣು ಪ್ರತಿ ಬೇಸಿಗೆ ಮೇವಿಸ್‌ಗೆ ಹೋಗುತ್ತದೆ. ಅವಳು ತಂಡದಲ್ಲೇ ಇದ್ದಾಳೆ. ಅಂಕ ಕೆಲವು ಸಲ ಇಳಿಯುತ್ತದೆ. ಆಗ ಕೋಣೆಯ ಆಚೆ ಕಡೆಯಿಂದ ಸೆಲ್ವಿನ್ ತುಟಿಯಲ್ಲಿ “ಉಸಿರು ಹಿಡೀ” ಅನ್ನುತ್ತಾನೆ. ಅವಳು ತಿರುಗಿ ತುಟಿಯಲ್ಲೇ ಏನೋ ಅನ್ನುತ್ತಾಳೆ. ಅದನ್ನು ಇಲ್ಲಿ ಬರೆಯಲಾಗದು.

ಆ ಕಡೆ ಹೋದರೆ ದಯವಿಟ್ಟು ಅವನನ್ನು ನೋಡಿ ಬನ್ನಿ. ಚರ್ಚಿನ ಹಿಂದಿನ ಏರು, ಹಸಿರು ಬಾಗಿಲಿನ ಶೆಡ್ಡು. ಬಾಗಿಲು ತಟ್ಟಬೇಡಿ, ಒಳಗೆ ಹೋಗಿ ದೀಪವನ್ನು ಒಮ್ಮೆ ಆರಿಸಿ ಹಾಕಿ. ಕೂಗಬೇಡಿ. ಬೆಳಕಿಗೆ ಮುಖ ಮಾಡಿ ನಿಂತು ನಿಧಾನವಾಗಿ ಮಾತಾಡಿ, ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ದೊಡ್ಡ ಮೀಸೆ ಇದ್ದವರು ಮಾತ್ರ ಹೋಗುವ ಮುಂಚೆ ಸ್ವಲ್ಪ ಕತ್ತರಿಸಿಕೊಂಡು ಹೋಗಿ.